ಸಹಿ ಹಾಕಿ ಕೆಲಸ ಕಳಕೊಂಡ ಮೇಷ್ಟ್ರು

ಇಂಜಿನಿಯರಿಂಗ್ ಹುಡುಗರಿಗೆ ಟಿಮೊಶೆಂಕೊ ಅಂದರೆ ಒಂದು ಪುಸ್ತಕ. ಅದನ್ನು ಬರೆದ ಮೇಷ್ಟ್ರ ಕಥೆ ಗೊತ್ತಿರೋರು ಕಮ್ಮಿ.

ಸ್ಟೀಫನ್ ಟಿಮೊಶೆಂಕೊ ಹುಟ್ಟಿದ್ದು 1878ರಲ್ಲಿ, ಯುಕ್ರೇನಿನ ಹಳ್ಳಿಯಲ್ಲಿ. ತೊಲೆ ಎಷ್ಟು ಭಾರಕ್ಕೆ ಬಾಗುತ್ತೆ, ಕಂಬ ಯಾವಾಗ ಸೊಟ್ಟಗಾಗುತ್ತೆ ಅನ್ನೋ ಲೆಕ್ಕವೇ ಅವರ ಸಂಶೋಧನೆ. ಕೀವ್‌ನಲ್ಲಿ ಪ್ರೊಫೆಸರ್ ಆಗಿದ್ದಾಗ, 1911ರಲ್ಲಿ, ಶಿಕ್ಷಣ ಮಂತ್ರಿಯ ವಿರುದ್ಧದ ಪ್ರತಿಭಟನಾ ಪತ್ರಕ್ಕೆ ಸಹಿ ಹಾಕಿದರು. ಜಾರ್ ಸರ್ಕಾರ ಕೆಲಸದಿಂದ ಕಿತ್ತುಹಾಕಿತು. ಅದೇ ವರ್ಷ ಸಂಶೋಧನೆಗೆ ಸಿಕ್ಕ ಜುರಾವ್‌ಸ್ಕಿ ಬಹುಮಾನವೇ ಹೊಟ್ಟೆಪಾಡಿಗೆ ಆಸರೆಯಾಯಿತು.

ಕ್ರಾಂತಿಯ ನಂತರ ದೇಶ ಬಿಟ್ಟು, 1922ರಲ್ಲಿ ಅಮೆರಿಕ ಸೇರಿದಾಗ ವಯಸ್ಸು ನಲವತ್ತು ದಾಟಿತ್ತು. ಮೊದಲು ಕಂಪನಿ ಕೆಲಸ. 1927ರಲ್ಲಿ ಮಿಷಿಗನ್, 1936ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಮತ್ತೆ ಪಾಠ.

1972ರಲ್ಲಿ, 93ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ಮಂತ್ರಿಯ ಹೆಸರು ಈಗ ಯಾರಿಗೆ ನೆನಪಿದೆ? ಮೇಷ್ಟ್ರ ಪುಸ್ತಕವನ್ನಂತೂ ಹುಡುಗರು ಇವತ್ತಿಗೂ ಓದ್ತಾರೆ.