ಬಾಣಲೆಯಲ್ಲಿ ಗೆದ್ದ ಆಲೂಗಡ್ಡೆ

ಭಾನುವಾರ ಬೆಳಗ್ಗೆ ನಮ್ಮನೇಲಿ ಆಲೂಗಡ್ಡೆ ಹುರಿಯೋ ಕೆಲಸ ನನ್ನದು. ಬಹಳ ವರ್ಷ ಅದು ನನಗೆ ಕೈಗೂಡಲೇ ಇಲ್ಲ. ಹೋಳುಗಳು ಬಾಣಲೆಗೆ ಅಂಟಿಕೊಳ್ಳುತ್ತಿದ್ದವು. ಹೊರಗೆ ಕಪ್ಪು, ಒಳಗೆ ಹಸಿ. ಒಮ್ಮೆ ಹೆಚ್ಚಿದ ಹೋಳನ್ನು ತಣ್ಣೀರಿಗೆ ಹಾಕಿ ನೋಡಿದೆ. ಸ್ವಲ್ಪ ಹೊತ್ತಿಗೆ ಅಕ್ಕಿ ತೊಳೆದಂತೆ ನೀರು ಬೆಳ್ಳಗಾಯಿತು. ಅದು ಪಿಷ್ಟ. ಅಂಟಿಸುತ್ತಿದ್ದದ್ದು ಅದೇ.

ಈ ಪಿಷ್ಟವನ್ನು ತೊಳೆದು ತೆಗೆದು, ಪರೀಕ್ಷಿಸುತ್ತಾ ಕೂತಿದ್ದ ಒಬ್ಬ ಔಷಧ ತಯಾರಕನಿದ್ದ. ಹೆಸರು ಆಂಟ್ವಾನ್ ಓಗುಸ್ಟಾನ್ ಪಾರ್ಮಾಂತಿಯೆ. ಹುಟ್ಟಿದ್ದು 1737ರಲ್ಲಿ, ಉತ್ತರ ಫ್ರಾನ್ಸಿನ ಮೋಂದಿದಿಯೆ ಊರಲ್ಲಿ. ಏಳು ವರ್ಷಗಳ ಯುದ್ಧದಲ್ಲಿ ಸೈನ್ಯದ ಔಷಧ ವಿಭಾಗದಲ್ಲಿದ್ದಾಗ ಪ್ರಷ್ಯದವರ ಕೈಗೆ ಸೆರೆಸಿಕ್ಕ. ಅಲ್ಲಿ ತಿನ್ನಲು ಕೊಟ್ಟದ್ದು ಆಲೂಗಡ್ಡೆ. ಆತನ ದೇಶದಲ್ಲಿ ಹೆಚ್ಚಿನವರ ಪಾಲಿಗೆ ಅದು ಹಂದಿಯ ಮೇವು, ತಿಂದರೆ ಕುಷ್ಠ ಬರುತ್ತೆ ಅನ್ನೋ ಭಯ ಬೇರೆ. ಅದನ್ನೇ ತಿಂದು ಆತ ಆರೋಗ್ಯವಾಗಿ ಊರಿಗೆ ಮರಳಿದ.

ಮುಂದೆ ಪ್ಯಾರಿಸ್ಸಿನ ಇನ್ವಾಲೀದ್ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅಷ್ಟರಲ್ಲಿ ಫ್ರಾನ್ಸಿನಲ್ಲಿ ಬೆಳೆ ಕೈಕೊಟ್ಟು ಹಸಿವು ಹರಡಿತ್ತು. ಬರಗಾಲದಲ್ಲಿ ಧಾನ್ಯದ ಬದಲು ಏನು ತಿನ್ನಬಹುದು ಎಂದು ಬೆಸಾನ್ಸೋ ಅಕಾಡೆಮಿ ಪ್ರಬಂಧ ಸ್ಪರ್ಧೆ ಇಟ್ಟಾಗ ಬಹುಮಾನ ಗೆದ್ದದ್ದು ಪಾರ್ಮಾಂತಿಯೆ. 1772ರಲ್ಲಿ ಪ್ಯಾರಿಸ್ಸಿನ ವೈದ್ಯರೂ ಆಲೂಗಡ್ಡೆ ತಿನ್ನಲು ಯೋಗ್ಯ ಅಂತ ಒಪ್ಪಿಕೊಂಡರು.

ಆದರೆ ವೈದ್ಯರು ಒಪ್ಪಿದ ಮಾತ್ರಕ್ಕೆ ಜನ ತಿಂದುಬಿಡ್ತಾರಾ?

ಆತನ ಲೆಕ್ಕಾಚಾರ ತಪ್ಪಿದ್ದು ಇಲ್ಲೇ ಅಂತ ನನಗನ್ನಿಸುತ್ತೆ. ಬಡವನಿಗೆ ಊಟ ಅಂದರೆ ಬ್ರೆಡ್, ಹಾಗಾಗಿ ಆಲೂಗಡ್ಡೆಯನ್ನೂ ಬ್ರೆಡ್ ಮಾಡಬೇಕು ಅಂತ ಹೊರಟ. ಹಿಟ್ಟು ಬೆರೆಸದೆ ಆಲೂಗಡ್ಡೆಯಿಂದಲೇ ಬ್ರೆಡ್ ಮಾಡುವ ಬಗೆಯನ್ನು 1779ರಲ್ಲಿ ಪುಸ್ತಕವಾಗಿ ಬರೆದ. ಅದು ಮನೆಮಾತಾಗಲಿಲ್ಲ. ಗೋಧಿಯ ಹಿಟ್ಟನ್ನು ಜಿಗುಟಾಗಿ ಹಿಡಿದು ಉಬ್ಬಿಸುವ ಗ್ಲುಟೆನ್ ಆಲೂಗಡ್ಡೆಯಲ್ಲಿ ಇಲ್ಲವೇ ಇಲ್ಲ. ಅದಕ್ಕಿಂತ ದೊಡ್ಡ ತೊಡಕು ಮನಸ್ಸಿನದು. ಹಸಿದವನ ಮುಂದೆ ಅವನಿಗೆ ಬೇಕಾದ್ದರ ನಕಲನ್ನು ಇಟ್ಟರೆ, ಹೊಟ್ಟೆ ತುಂಬಿದರೂ ಅವಮಾನ ಉಳಿಯುತ್ತೆ.

ಆಮೇಲೆ ಆತ ದಾರಿ ಬದಲಿಸಿದ. ದೊರೆ 16ನೇ ಲೂಯಿಯಿಂದ ಪ್ಯಾರಿಸ್ ಪಕ್ಕದ ಸಾಬ್ಲೋನಲ್ಲಿ ಬರಡು ಮರಳು ನೆಲ ಪಡೆದು ಆಲೂಗಡ್ಡೆ ನೆಟ್ಟ. ಅದರ ಹೂವನ್ನು ಅರಮನೆಗೆ ಮುಟ್ಟಿಸಿದ. ಹಗಲು ಹೊಲಕ್ಕೆ ಸೈನಿಕರ ಕಾವಲು, ರಾತ್ರಿ ಯಾರೂ ಇಲ್ಲ. ಇಷ್ಟು ಕಾಯುವ ವಸ್ತು ಬೆಲೆಯುಳ್ಳದ್ದೇ ಇರಬೇಕು ಅಂತ ಜನ ಕದ್ದೊಯ್ದರಂತೆ. ಕತೆಗೆ ಬಣ್ಣ ಸೇರಿರಬಹುದು. ಆದರೆ ಅದರ ತಿಳಿವಳಿಕೆ ಸುಳ್ಳಲ್ಲ.

ನಮ್ಮಲ್ಲೂ ನೋಡಿ, ನಾನು ಚಿಕ್ಕವನಿದ್ದಾಗ ನೆಂಟರು ಬಂದರೆ ಅಮ್ಮ ರಾಗಿಮುದ್ದೆ ಮರೆಮಾಡಿ ಅನ್ನಕ್ಕಿಡುತ್ತಿದ್ದಳು. ಈಗ ಅದೇ ರಾಗಿ ಅಂದದ ಪೊಟ್ಟಣದಲ್ಲಿ ಬರುತ್ತೆ, ನೆಂಟರೇ ಕೇಳಿ ಬಡಿಸಿಕೊಳ್ತಾರೆ. ರಾಗಿ ಬದಲಾಗಲಿಲ್ಲ, ತಿನ್ನುವವರು ಬದಲಾದರು. ಬಡವರ ತಟ್ಟೆಗೆ ಪೌಷ್ಟಿಕಾಂಶ ಲೆಕ್ಕಹಾಕಿ ಕಳಿಸುವವರು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇದನ್ನು ನಾವು ನಮ್ಮನೆಯಲ್ಲಿ ಆಸೆಪಟ್ಟು ತಿನ್ತೀವಾ?

ಪಾರ್ಮಾಂತಿಯೆ ಕ್ರಾಂತಿಯನ್ನೂ ದಾಟಿ ಬದುಕಿದ. ನೆಪೋಲಿಯನ್ ಕಾಲದಲ್ಲಿ ಸೈನ್ಯದ ಆರೋಗ್ಯ ಸೇವೆ ನೋಡಿಕೊಂಡ, ಸಿಡುಬಿನ ಲಸಿಕೆ ಹರಡಲು ದುಡಿದ. 1813ರಲ್ಲಿ ತೀರಿಕೊಂಡ. ಪ್ಯಾರಿಸ್ಸಿನ ಪೇರ್ ಲಾಶೇಸ್ ಸ್ಮಶಾನದಲ್ಲಿರುವ ಆತನ ಸಮಾಧಿಯ ಮೇಲೆ ಇಂದಿಗೂ ಜನ ಆಲೂಗಡ್ಡೆ ಇಟ್ಟು ಹೋಗ್ತಾರೆ.

ಆತನ ಹೆಸರು ಆ ಬ್ರೆಡ್ಡಿನಿಂದ ಉಳಿಯಲಿಲ್ಲ. ಸಣ್ಣ ಚೌಕ ಹೋಳುಗಳನ್ನು ಬೆಣ್ಣೆಯಲ್ಲಿ ಹೊಂಬಣ್ಣಕ್ಕೆ ಹುರಿದ ಖಾದ್ಯಕ್ಕೆ ಫ್ರೆಂಚರು ಆತನ ಹೆಸರಿಟ್ಟಿದ್ದಾರೆ. ಆಲೂಗಡ್ಡೆ ಗೆದ್ದದ್ದು ಆಲೂಗಡ್ಡೆಯಾಗಿಯೇ.

ನಾನೀಗ ಮಾಡೋದೂ ಹೆಚ್ಚುಕಮ್ಮಿ ಅದನ್ನೇ. ಹೋಳನ್ನು ತೊಳೆದು, ಉಪ್ಪುನೀರಲ್ಲಿ ನಾಲ್ಕೈದು ನಿಮಿಷ ಕುದಿಸಿ, ಬಸಿದು, ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸ್ತೀನಿ. ತೇವ ಇದ್ದರೆ ಹೋಳು ಬೇಯುತ್ತೆ, ಗರಿಗರಿಯಾಗಲ್ಲ. ಕಬ್ಬಿಣದ ಬಾಣಲೆ ಚೆನ್ನಾಗಿ ಕಾದ ಮೇಲೆ ಎಣ್ಣೆ, ಒಂದೇ ಪದರ ಹೋಳು. ಆಮೇಲೆ ಸೌಟು ಕೆಳಗಿಡಬೇಕು. ತಳ ಕೆಂಪಾಗಿ ಹೋಳು ತಾನಾಗಿ ಬಿಟ್ಟುಕೊಳ್ಳೋವರೆಗೂ ಕೆದಕಬಾರದು.

ಎಣ್ಣೆ ಇಳಿಯಲಿ ಅಂತ ತಟ್ಟೆಗೆ ತೆಗೆದಿಟ್ಟು ಬೆನ್ನು ತಿರುಗಿಸಿದರೆ ಅರ್ಧ ಕಾಣೆ. ಮಕ್ಕಳ ಬಾಯಿ ಆಡ್ತಿರುತ್ತೆ. ನಾನು ಕಾವಲು ಹಾಕೋಕೆ ಹೋಗಲ್ಲ.