ಕಲ್ಯಾಣದ ಭಂಡಾರಿ

ನಮ್ಮ ಹಂಸಭಾವಿಯಿರುವ ಹಿರೇಕೆರೂರು ಸೀಮೆಯಲ್ಲಿಯೇ ಅಬಲೂರು ಇದೆ. ಅಲ್ಲಿಯ ಸೋಮೇಶ್ವರ ಗುಡಿಯ ಶಾಸನವು ಕ್ರಿ.ಶ. 1200ರ ಸುಮಾರಿನದು. ಬಿಜ್ಜಳ ಅರಸನು ಏಕಾಂತದ ರಾಮಯ್ಯನಿಗೆ ಜಯಪತ್ರವಿತ್ತ ಸಂಗತಿಯನ್ನು ಅದು ಸಾರುತ್ತದೆ. ಆ ಅರಸನ ಬೊಕ್ಕಸವನ್ನು ಕಾದ ಬಸವಣ್ಣನವರ ಹೆಸರು ಮಾತ್ರ ಅದರಲ್ಲಿಲ್ಲ. ಆ ಕಲ್ಲಿನೆದುರು ನಿಂತಾಗಲೆಲ್ಲ ನನಗೆ ಶರಣ ಬಸವಣ್ಣನವರಿಗಿಂತ ಮೊದಲು ಭಂಡಾರಿ ಬಸವಣ್ಣನವರೇ ನೆನಪಾಗುತ್ತಾರೆ.

ಬಾಗೇವಾಡಿಯ ಮಾದರಸ ಮಾದಲಾಂಬಿಕೆಯರ ಮಗನಾಗಿ ಹುಟ್ಟಿದ ಅವರು ಮನೆ ತೊರೆದು ಕೂಡಲಸಂಗಮದಲ್ಲಿ ಬೆಳೆದರು. ಬಳಿಕ ಬಿಜ್ಜಳನು ಆಳುತ್ತಿದ್ದ ಮಂಗಳವಾಡಕ್ಕೆ ಬಂದರು. ಅವರಿಗೆ ಅಧಿಕಾರ ದೊರೆತ ಬಗೆಯನ್ನು ಕವಿಗಳು ಎರಡು ವಿಧವಾಗಿ ಹೇಳಿದ್ದಾರೆ. ಹರಿಹರನ ರಗಳೆಯಲ್ಲಿ ಅವರು ಕರಣಿಕರ ನಡುವೆ ಕುಳಿತು ಲೆಕ್ಕದೊಳಗಿನ ತಪ್ಪನ್ನು ತೋರಿಸುತ್ತಾರೆ. ಸಿದ್ಧದಂಡಾಧಿಪನು ಮೆಚ್ಚಿ ಕೆಲಸ ಕೊಡುತ್ತಾನೆ. ಅವನ ತರುವಾಯ ಭಂಡಾರವೇ ಇವರ ಕೈಸೇರುತ್ತದೆ. 1369ರಲ್ಲಿ ಭೀಮಕವಿ ಬರೆದ ಬಸವಪುರಾಣದಲ್ಲಾದರೋ ಸೋದರಮಾವ ಬಲದೇವನು ತೀರಿಕೊಂಡ ಮೇಲೆ ಆ ಪದವಿ ಅಳಿಯನಿಗೆ ಬರುತ್ತದೆ. ಒಂದು ಯೋಗ್ಯತೆಯ ದಾರಿ, ಇನ್ನೊಂದು ನಂಟಸ್ತಿಕೆಯ ದಾರಿ. ಅರಸರ ಕಾಲದಲ್ಲಿ ಎರಡೂ ಇದ್ದವು. ಆದರೆ ಪದವಿಯನ್ನು ನಂಟಸ್ತಿಕೆ ಕೊಡಿಸಬಲ್ಲುದೇ ಹೊರತು ಲೆಕ್ಕವನ್ನು ಸರಿದೂಗಿಸಲಾರದು.

ಬಿಜ್ಜಳನು ಚಾಲುಕ್ಯರಿಂದ ಕಲ್ಯಾಣವನ್ನು ಕಸಿದುಕೊಂಡ ಮೇಲೆ ಭಂಡಾರಿಯ ಹೊಣೆ ಹಿರಿದಾಯಿತು. ಸುಂಕ, ಕಪ್ಪ, ದಂಡಗಳಿಂದ ಬಂದ ಹೊನ್ನನ್ನು ಕಾಯುವುದು, ದಂಡಿಗೂ ದತ್ತಿಗೂ ಅರಸನ ಅಪ್ಪಣೆಯಂತೆ ತೆಗೆದುಕೊಡುವುದು, ಕೇಳಿದಾಗ ಲೆಕ್ಕ ಒಪ್ಪಿಸುವುದು ಅಂಥವನ ಕೆಲಸ. ಇತ್ತ ಬಸವಣ್ಣನವರ ಮಹಾಮನೆಯಲ್ಲಿ ನಿತ್ಯವೂ ಜಂಗಮದಾಸೋಹ. ಬೊಕ್ಕಸದ ಹಣವೇ ಅಲ್ಲಿ ಕರಗುತ್ತಿದೆಯೆಂದು ಚಾಡಿಕೋರರು ಅರಸನ ಕಿವಿಯೂದಿದರು. ಅರಸನು ಲೆಕ್ಕ ಕೇಳಿದನು. ಎಣಿಸಿದಾಗ ಒಂದು ಹೊನ್ನೂ ಕಡಿಮೆಯಾಗಿರಲಿಲ್ಲವೆಂದು ಪುರಾಣ ಹೇಳುತ್ತದೆ. ಭಕ್ತರು ಇದನ್ನು ಪವಾಡವೆಂದು ನಂಬುತ್ತಾರೆ. ಊರಿನ ಸಂಘವೊಂದರ ತಿಜೋರಿಯ ಬೀಗದಕೈಯನ್ನು ಕೆಲವು ವರ್ಷ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ನನಗೆ ಅದು ಪವಾಡಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಎಣಿಸಿರೆಂದು ಪೆಟ್ಟಿಗೆಯನ್ನು ಮುಂದಿಡುವ ಧೈರ್ಯ ಆ ಗಳಿಗೆಯಲ್ಲಿ ಬರುವುದಲ್ಲ. ದಿನದಿನವೂ ಅರಸನ ಹೊನ್ನನ್ನೂ ತನ್ನ ಕಾಯಕದ ಹೊನ್ನನ್ನೂ ಬೇರೆಬೇರೆ ಇಟ್ಟವನಿಗೆ ಮಾತ್ರ ಅದು ಒದಗುತ್ತದೆ.

ಮುಂದೆ ಹರಳಯ್ಯ ಮಧುವರಸರ ಮಕ್ಕಳ ಮದುವೆಯಿಂದ ಕಲ್ಯಾಣ ಕದಡಿತು. ಬಸವಣ್ಣನವರು ಅಧಿಕಾರ ಬಿಟ್ಟು ಸಂಗಮಕ್ಕೆ ನಡೆದರು. 1167ರ ಸುಮಾರಿನಲ್ಲಿ ಬಿಜ್ಜಳನ ಆಳಿಕೆಯೂ ಮುಗಿಯಿತು. ಅಬಲೂರಿನ ಕಲ್ಲು ಹೇಳದ ಹೆಸರನ್ನು 1260ರ ಅರ್ಜುನವಾಡದ ಕಲ್ಲು ಹೇಳಿತು. ಆ ಭಂಡಾರದ ಹೊನ್ನು ಯಾರ ಪಾಲಾಯಿತೋ ಇಂದು ಯಾರೂ ಕೇಳುವುದಿಲ್ಲ. ಅದನ್ನು ಕಾದವರ ಹೆಸರಿಗೆ ಮಾತ್ರ ಕಳಂಕ ತಗಲಲಿಲ್ಲ. ಸಾರ್ವಜನಿಕರ ಹಣಕ್ಕೆ ಕಾವಲುಗಾರನನ್ನು ಆರಿಸುವಾಗ ನಾವು ನೋಡಬೇಕಾದುದು ಇಷ್ಟನ್ನೇ.