ಫುಟ್‌ಪಾತಿನಲ್ಲಿ ನಡೆದ ಇಂಟರ್‌ವ್ಯೂ

ಕಳೆದ ವಾರ ಬುದ್ಧಿಹಲ್ಲು ಕೀಳಿಸಿಕೊಳ್ಳಲು ಹೋಗಿದ್ದೆ. ಇಕ್ಕಳ ಹಿಡಿದು ಬಂದವಳು ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದಾದ ಹುಡುಗಿ. ಈ ಕೈಗೆ ಅಷ್ಟು ಬಲವಿದೆಯೇ ಎಂದು ಒಳಗೊಳಗೇ ಅನುಮಾನಪಟ್ಟೆ. ಹಲ್ಲು ಬಂದದ್ದೇ ಗೊತ್ತಾಗಲಿಲ್ಲ. ಆಮೇಲೆ ನಾಚಿಕೆಯಾಯಿತು, ನಾನೂ ಹುಡುಗಿಯೇ ತಾನೆ! ಆ ನಾಚಿಕೆಯಿಂದಲೇ ಲೈಬ್ರರಿಯಲ್ಲಿ ಕೂತು ಲಿಲಿಯನ್ ಲಿಂಡ್ಸೆಯ ಕತೆ ಓದಿದೆ.

ತವರಿನ ಹೆಸರು ಲಿಲಿಯನ್ ಮರ್ರೆ. ಹುಟ್ಟಿದ್ದು 1871ರಲ್ಲಿ, ಲಂಡನ್ನಿನಲ್ಲಿ. ಮನೆ ತುಂಬ ಮಕ್ಕಳು. ಆರ್ಗನ್ ನುಡಿಸಿ ಸಂಸಾರ ಸಾಕುತ್ತಿದ್ದ ತಂದೆ ಈಕೆಗೆ ಹದಿನಾಲ್ಕಾಗಿದ್ದಾಗ ತೀರಿಕೊಂಡರು. ಓದು ಸಾಗಿದ್ದು ಸ್ಕಾಲರ್‌ಶಿಪ್ಪಿನಿಂದ. ಆ ಶಾಲೆಯ ಮುಖ್ಯಸ್ಥೆ ಫ್ರಾನ್ಸಿಸ್ ಬಸ್, ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ಜೀವ ತೇಯ್ದ ದೊಡ್ಡ ಹೆಂಗಸು. ಆಕೆಯೇ ಈ ಹುಡುಗಿ ಕಿವುಡ ಮಕ್ಕಳ ಟೀಚರಾಗಬೇಕೆಂದು ತೀರ್ಮಾನಿಸಿಬಿಟ್ಟರು. ಹುಡುಗಿ ಒಲ್ಲೆ ಎಂದಳು. ಬೇರೇನೂ ಆಗಲು ಬಿಡುವುದಿಲ್ಲ ಎಂದರು ಬಸ್. ದಂತವೈದ್ಯೆ ಆಗುವುದನ್ನು ನೀವು ತಡೆಯಲಾರಿರಿ ಎಂದಳು ಇವಳು.

ಇಲ್ಲಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮ ಮನೆಯಲ್ಲೂ ನನಗೆ ಬಿ.ಎಡ್. ಎಂದು ಗೊತ್ತುಮಾಡಿಯಾಗಿದೆ. ಗೊತ್ತುಮಾಡಿದವರು, ನನ್ನನ್ನು ಕಾಲೇಜಿಗೆ ಕಳಿಸಲೇಬೇಕೆಂದು ಅಪ್ಪನ ಹತ್ತಿರ ಜಗಳವಾಡಿದ ಸೋದರತ್ತೆಯೇ.

ಲಿಲಿಯನ್ ಮೂರು ವರ್ಷ ಕೈಕೆಳಗಿದ್ದು ಕೆಲಸ ಕಲಿತು, 1892ರಲ್ಲಿ ಲಂಡನ್ನಿನ ನ್ಯಾಷನಲ್ ಡೆಂಟಲ್ ಹಾಸ್ಪಿಟಲಿಗೆ ಅರ್ಜಿ ಹಾಕಿದಳು. ಡೀನ್ ಹೆನ್ರಿ ವೈಸ್ ಆಕೆಯನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಹುಡುಗಿ ಒಳಗೆ ಬಂದರೆ ಹುಡುಗರ ಚಿತ್ತ ಕೆಟ್ಟೀತಂತೆ! ಹೊರಗೆ ಬೀದಿಯಲ್ಲೇ ನಿಂತು ಮಾತಾಡಿಸಿದರು. ಪಾಪ, ಅವರು ಪೂರ್ತಿ ಕೆಟ್ಟವರೇನಲ್ಲ. ಎಡಿನ್‌ಬರೋದಲ್ಲಿ ಕೇಳಿ ನೋಡು ಎಂದು ದಾರಿ ತೋರಿಸಿದ್ದೂ ಅವರೇ.

ಎಡಿನ್‌ಬರೋದ ಡೀನ್ ಬೋಮನ್ ಮ್ಯಾಕ್ಲಿಯಡ್ ಸೇರಿಸಿಕೊಂಡರು. ಅಲ್ಲೂ ಒಬ್ಬ ಹಿರಿಯರು, ಯಾವನೋ ಬಡಪಾಯಿ ಗಂಡಸಿನ ಅನ್ನ ಕಿತ್ತುಕೊಳ್ಳುತ್ತಿದ್ದೀ ಎಂದು ಕೊಂಕು ನುಡಿದರಂತೆ. ಹುಡುಗಿ ಪದಕ ಗೆದ್ದಳು. 1895ರಲ್ಲಿ ಆನರ್ಸ್ ಸಹಿತ ಪಾಸಾಗಿ, ಬ್ರಿಟನ್ನಿನಲ್ಲಿ ಪದವಿ ಪಡೆದ ಮೊದಲ ದಂತವೈದ್ಯೆಯಾದಳು. ಬ್ರಿಟಿಷ್ ಡೆಂಟಲ್ ಅಸೋಸಿಯೇಷನ್ನಿನ ಮೊದಲ ಮಹಿಳಾ ಸದಸ್ಯೆಯೂ ಆಕೆಯೇ.

ಅಲ್ಲಿ ಪರಿಚಯವಾದವರು ದಂತವೈದ್ಯ ರಾಬರ್ಟ್ ಲಿಂಡ್ಸೆ. ಆದರೆ ಮದುವೆಯಾದದ್ದು 1905ರಲ್ಲಿ! ಸಾಲ ತೀರಬೇಕಿತ್ತು, ಮನೆ ನೋಡಿಕೊಳ್ಳಬೇಕಿತ್ತು. ಹತ್ತು ವರ್ಷ ಲಂಡನ್ನಿನಲ್ಲಿ ಒಬ್ಬಳೇ ಪ್ರಾಕ್ಟೀಸ್ ಮಾಡಿದಳು. ಆಮೇಲೆ ಗಂಡ ಹೆಂಡತಿ ಎಡಿನ್‌ಬರೋದಲ್ಲಿ ಜೊತೆಗೇ ಹಲ್ಲು ನೋಡಿದರು.

1920ರಲ್ಲಿ ರಾಬರ್ಟರಿಗೆ ಅಸೋಸಿಯೇಷನ್ನಿನ ಕೆಲಸ ಸಿಕ್ಕಿ ಇಬ್ಬರೂ ಲಂಡನ್ನಿಗೆ ಬಂದರು. ಲಿಲಿಯನ್ ಪ್ರಾಕ್ಟೀಸ್ ಬಿಟ್ಟರು. ಇಷ್ಟು ಹೋರಾಡಿ ಪಡೆದದ್ದನ್ನು ಬಿಡುವುದೇ ಎಂದು ನನಗೆ ಬೇಜಾರಾಯಿತು. ಆದರೆ ಆಕೆ ಕೈ ಕಟ್ಟಿ ಕೂರಲಿಲ್ಲ. ಸಂಬಳವಿಲ್ಲದ ಗ್ರಂಥಪಾಲಕಿಯಾಗಿ ಪುಸ್ತಕ ಬೇಡಿ ತಂದು, ಅಸೋಸಿಯೇಷನ್ನಿಗೊಂದು ಲೈಬ್ರರಿ ಕಟ್ಟಿದರು. ಹಳೆಯ ಗ್ರಂಥಗಳಿಗಾಗಿ ಪರಭಾಷೆಗಳನ್ನು ಕಲಿತರು. 1930ರಲ್ಲಿ ರಾಬರ್ಟ್ ತೀರಿಕೊಂಡ ಮೇಲೂ ಪುಸ್ತಕದ ಕಪಾಟುಗಳನ್ನು ಬಿಡಲಿಲ್ಲ. 1933ರಲ್ಲಿ ದಂತವೈದ್ಯದ ಇತಿಹಾಸ ಬರೆದರು. ಫೋಶಾರ್ ಎಂಬ ಫ್ರೆಂಚ್ ವೈದ್ಯ 1728ರಲ್ಲಿ ಬರೆದ ಮಹಾಗ್ರಂಥವನ್ನು ಇಂಗ್ಲಿಷಿಗೆ ತಂದರು. ಆ ಅನುವಾದ ಅಚ್ಚಾದದ್ದು 1946ರಲ್ಲಿ. ಅದೇ ವರ್ಷ ಅಸೋಸಿಯೇಷನ್ನಿನ ಅಧ್ಯಕ್ಷರೂ ಆದರು. ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು, ಆಗ ವಯಸ್ಸು ಎಪ್ಪತ್ತೈದರ ಆಸುಪಾಸು.

1960ರ ಜನವರಿಯಲ್ಲಿ ತೀರಿಕೊಂಡಾಗ ಆಕೆಗೆ ಎಂಬತ್ತೆಂಟು.

ಬಿ.ಎಡ್. ಅರ್ಜಿ ಮೇಜಿನ ಮೇಲಿದೆ, ಇನ್ನೂ ತುಂಬಿಲ್ಲ. ಅತ್ತೆಯ ಹತ್ತಿರ ಮಾತಾಡಬೇಕು. ಮೊದಲು ಕೆನ್ನೆಯ ಬಾವು ಇಳಿಯಲಿ.